ಹೃದ್ರೋಗಿಗಳ ಬೊಜ್ಜು ಅಳೆಯುವುದು ಹೇಗೆ: ತೂಕದ ಮಷಿನ್ ಒಂದನ್ನೇ ನಂಬಬೇಡಿ

ಸ್ಟೆಂಟ್ ಹಾಕಿಸಿಕೊಂಡೋ ಬೈಪಾಸ್ ಮುಗಿಸಿಯೋ ಮನೆಗೆ ಬಂದವರ ಫೈಲ್ ತೆಗೆದು ನೋಡಿ. ಎತ್ತರ, ತೂಕ, ಬಿಪಿ, ಸಕ್ಕರೆ ಎಲ್ಲ ಬರೆದಿರುತ್ತದೆ. ನಡುವಿನ ಸುತ್ತಳತೆ ಬರೆದದ್ದು ಅಪರೂಪ. ಕಲಬುರಗಿಯ ಜಯದೇವ ಆಸ್ಪತ್ರೆಯಂಥ ದೊಡ್ಡ ಜಾಗದಲ್ಲಿ ಬೆಳಗಿನ ಒಪಿಡಿ ಸಾಲು ನೋಡಿದವರಿಗೆ ಇದರ ಕಾರಣ ಹೇಳಬೇಕಿಲ್ಲ. ಯಾದಗಿರಿ, ಸೇಡಂ, ಆಳಂದ, ಬೀದರ್ ಕಡೆಯಿಂದ ಬಂದವರೆಲ್ಲ ಒಂದೇ ಬಾಗಿಲ ಮುಂದೆ ನಿಂತಿರುವಾಗ, ಒಬ್ಬೊಬ್ಬರ ಅಂಗಿ ಎತ್ತಿಸಿ ಟೇಪು ಸುತ್ತುವಷ್ಟು ಪುರುಸೊತ್ತು ಯಾರಿಗಿದೆ? ಹಾಗಾಗಿ ಈ ಕೆಲಸ ಮನೆಯವರದ್ದೇ. ಸರಿಯಾಗಿ ಮಾಡಿದರೆ ಹತ್ತು ನಿಮಿಷದ ಕೆಲಸ.

ಹೃದಯದ ಕಾಯಿಲೆ ಇದ್ದವರ ತೂಕದಲ್ಲಿ ಕೊಬ್ಬು, ನೀರು, ಸ್ನಾಯು ಮೂರೂ ಬೆರೆತಿರುತ್ತವೆ. ಯಾವುದು ಏರಿತು, ಯಾವುದು ಇಳಿಯಿತು ಎಂದು ಮಷಿನ್ ಬಿಡಿಸಿ ಹೇಳುವುದಿಲ್ಲ. ತೂಕವನ್ನು ಮುಖ್ಯವಾಗಿ ನೀರಿನ ಲೆಕ್ಕಕ್ಕೆ ಇಟ್ಟುಕೊಳ್ಳಿ, ಕೊಬ್ಬಿನ ಲೆಕ್ಕವನ್ನು ಟೇಪಿಗೆ ಬಿಡಿ. ಈ ಬರಹದಲ್ಲಿ ಹೇಳುವುದೆಲ್ಲ ಈ ಒಂದು ಮಾತಿನ ವಿಸ್ತಾರ.

ಬಿಎಂಐ ಎಲ್ಲಿ ಕೈಕೊಡುತ್ತದೆ

ಕಿಲೋ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದ ವರ್ಗದಿಂದ ಭಾಗಿಸಿದರೆ ಬಿಎಂಐ (ಬಾಡಿ ಮಾಸ್ ಇಂಡೆಕ್ಸ್) ಸಿಗುತ್ತದೆ. ಇದರ ಮೂಲ ಸೂತ್ರ 1830ರ ದಶಕದ್ದು. ಕಟ್ಟಿದವರು ಬೆಲ್ಜಿಯಂನ ಅಡಾಲ್ಫ್ ಕೆಟಲೆ. ಅವರು ವೈದ್ಯರಲ್ಲ, ಖಗೋಳ ಮತ್ತು ಸಂಖ್ಯಾಶಾಸ್ತ್ರದವರು. ಒಬ್ಬ ರೋಗಿಯನ್ನು ಪರೀಕ್ಷಿಸಲಿಕ್ಕಲ್ಲ, ಜನಸಮೂಹದ ಸರಾಸರಿ ಹುಡುಕಲಿಕ್ಕೆ ಹೊರಟವರು. ಬಿಎಂಐ ಎಂಬ ಹೆಸರು ಬಂದದ್ದು 1972ರಲ್ಲಿ, ಆನ್ಸೆಲ್ ಕೀಸ್ ಮತ್ತು ಸಂಗಡಿಗರ ಪ್ರಬಂಧದಿಂದ.

ನಮ್ಮ ದೇಶದವರ ಮೈಕಟ್ಟಿಗೆ ಇದು ಇನ್ನೂ ಒಗ್ಗುವುದಿಲ್ಲ. ಪುಣೆಯ ಮಧುಮೇಹ ತಜ್ಞ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ 2004ರಲ್ಲಿ ತಮ್ಮಿಬ್ಬರ ಫೋಟೊವನ್ನೇ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಇಬ್ಬರ ಬಿಎಂಐ ಕೂಡ 22.3. ಮೈಯ ಕೊಬ್ಬು ಮಾತ್ರ ಯುಡ್ಕಿನ್ ಅವರಲ್ಲಿ ಶೇ 9.1, ಯಾಜ್ಞಿಕ್ ಅವರಲ್ಲಿ ಶೇ 21.2. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ: ಈ ಮೈಕಟ್ಟು ನಮ್ಮ ಕಡೆ ಪ್ರತಿ ಓಣಿಯಲ್ಲೂ ಕಾಣುತ್ತದೆ.

ಹೃದ್ರೋಗಿಗಳ ವಿಷಯದಲ್ಲಿ ಇನ್ನೊಂದು ಗೊಂದಲವಿದೆ. ಬಿಎಂಐ ಸ್ವಲ್ಪ ಹೆಚ್ಚಿದ್ದವರೇ ಹೆಚ್ಚು ಕಾಲ ಬದುಕುತ್ತಾರೆ ಎಂದು ಹಲವು ಅಧ್ಯಯನಗಳಲ್ಲಿ ಕಂಡಿತ್ತು. ಅದನ್ನು ಕೇಳಿ "ಹಾರ್ಟ್ ಪೇಶಂಟಿಗೆ ಮೈ ಇರಬೇಕ್ರಿ" ಎಂದು ತುಪ್ಪ ಸುರಿಯುವವರಿದ್ದಾರೆ. ಅಳತೆ ಬದಲಿಸಿದಾಗ ಚಿತ್ರವೂ ಬದಲಾಯಿತು. ರಕ್ತನಾಳ ಕಟ್ಟಿದವರಲ್ಲಿ ಹೊಟ್ಟೆಯ ಬೊಜ್ಜು ಇದ್ದರೆ, ಬಿಎಂಐ ಸಾಮಾನ್ಯವಾಗಿದ್ದರೂ ಸಾವಿನ ಅಪಾಯ ಹೆಚ್ಚು ಎಂದು 2011ರಲ್ಲಿ ಪ್ರಕಟವಾದ ವಿಶ್ಲೇಷಣೆ ತೋರಿಸಿತು. ಹೃದಯ ವೈಫಲ್ಯದ, ಅಂದರೆ ಹೃದಯದ ಪಂಪು ಸೋತ, ರೋಗಿಗಳ ಮೇಲಿನ 2023ರ ವಿಶ್ಲೇಷಣೆಯೊಂದರಲ್ಲಿ ನಡುವನ್ನು ಎತ್ತರಕ್ಕೆ ಹೋಲಿಸಿ ನೋಡಿದಾಗ, ದಪ್ಪಗಿದ್ದವರಿಗೆ ಸಿಗುತ್ತದೆಂದು ಕಂಡ ಆ ಲಾಭ ಮಾಯವಾಗಿತ್ತು. ತುಪ್ಪದ ವಾದಕ್ಕೆ ಇಷ್ಟು ಉತ್ತರ ಸಾಕು.

ಹಾಗಂತ ಬಿಎಂಐಯನ್ನು ಬಿಸಾಡುವುದು ಬೇಡ. ಮೊದಲ ಸೋಸುವಿಕೆಗೆ ಅದು ಆದೀತು.

ಬೇಕಾಗುವ ಸಾಮಾನು

ದರ್ಜಿಯ ಟೇಪು, ಡಿಜಿಟಲ್ ತೂಕದ ಮಷಿನ್, ಒಂದು ನೋಟ್‌ಬುಕ್, ಪೆನ್ನು. ಬಟ್ಟೆಯ ಟೇಪು ಹಳೆಯದಾದರೆ ಜಗ್ಗಿ ಉದ್ದವಾಗುತ್ತದೆ, ಆಗ ನಡು ಇದ್ದದ್ದಕ್ಕಿಂತ ಕಡಿಮೆ ತೋರಿಸುತ್ತದೆ. ಮಕ್ಕಳ ಸ್ಟೀಲ್ ಸ್ಕೇಲಿನ ಪಕ್ಕ ಹಿಡಿದು ಒಮ್ಮೆ ತಾಳೆ ನೋಡಿ. ಇಂಚು ಬೇಡ, ಸೆಂಟಿಮೀಟರ್ ಇರುವ ಬದಿಯನ್ನೇ ಬಳಸಿ. ಎರಡೂ ಬೆರೆಸಿ ಬರೆದ ನೋಟ್‌ಬುಕ್ ಆರು ತಿಂಗಳ ನಂತರ ಯಾರಿಗೂ ಅರ್ಥವಾಗುವುದಿಲ್ಲ.

ಮೊದಲ ಹೆಜ್ಜೆ: ಎತ್ತರ

ಇದು ಒಮ್ಮೆ ಮಾಡಿದರೆ ಸಾಕು. ಚಪ್ಪಲಿ, ಟೊಪ್ಪಿಗೆ, ರುಮಾಲು ತೆಗೆಸಿ. ತುರುಬು ಎತ್ತರಕ್ಕಿದ್ದರೆ ಬಿಚ್ಚಿಸಿ. ಹಿಮ್ಮಡಿ, ಬೆನ್ನು ಗೋಡೆಗೆ ತಾಗಿರಲಿ, ನೋಟ ನೇರವಾಗಿರಲಿ. ತಲೆಯ ಮೇಲೆ ದಪ್ಪ ಪುಸ್ತಕವೊಂದನ್ನು ಗೋಡೆಗೆ ಒತ್ತಿ ಹಿಡಿದು ಗುರುತು ಹಾಕಿ, ನೆಲದಿಂದ ಅಳೆಯಿರಿ.

ಬೆನ್ನು ಬಾಗಿದ ಹಿರಿಯರಲ್ಲಿ ಇದು ಸರಿ ಬರುವುದಿಲ್ಲ. ಎರಡೂ ಕೈ ಅಡ್ಡ ಚಾಚಿಸಿ, ಒಂದು ಕೈಯ ನಡುಬೆರಳ ತುದಿಯಿಂದ ಇನ್ನೊಂದರ ತುದಿಗೆ ಅಳೆದರೆ ಅದು ಹೆಚ್ಚುಕಡಿಮೆ ಅವರ ಪ್ರಾಯದ ಎತ್ತರದಷ್ಟೇ ಬರುತ್ತದೆ. ಆದರೆ ಬೈಪಾಸ್ ಆಗಿ ಎದೆಯ ಮೂಳೆ ಇನ್ನೂ ಕೂಡುತ್ತಿರುವವರಿಗೆ, ಹೊಸದಾಗಿ ಪೇಸ್‌ಮೇಕರ್ ಹಾಕಿಸಿಕೊಂಡವರಿಗೆ ಕೈ ಚಾಚಿಸಬೇಡಿ. ಡಾಕ್ಟರು ಹೂಂ ಎಂದ ಮೇಲೆ ನೋಡಿಕೊಂಡರಾಯಿತು.

ಎರಡನೇ ಹೆಜ್ಜೆ: ತೂಕ, ಅದೂ ಒಣ ತೂಕ

ಬೆಳಿಗ್ಗೆ ಎದ್ದು, ಸಂಡಾಸು ಮುಗಿಸಿ, ಚಹಾ ಕುಡಿಯುವ ಮೊದಲು, ತೆಳು ಬಟ್ಟೆಯಲ್ಲಿ ತೂಕ ನೋಡಿ. ಮಷಿನ್ ಪ್ರತಿಸಲ ಒಂದೇ ಜಾಗದಲ್ಲಿರಲಿ. ನಮ್ಮ ಮನೆಗಳ ಶಹಾಬಾದ್ ಪರಸಿ ಕಲ್ಲು ಈ ಕೆಲಸಕ್ಕೆ ಒಳ್ಳೆಯದೇ, ಆದರೆ ಎರಡು ಕಲ್ಲಿನ ಸಂದಿಯ ಮೇಲೆ ಮಷಿನ್ ಇಟ್ಟರೆ ಒಂದು ಕಾಲು ಎತ್ತಿಕೊಂಡು ಕಿಲೋ ಆಚೀಚೆ ಆಗುತ್ತದೆ. ಒಂದೇ ಕಲ್ಲಿನ ನಡುವೆ ಇಡಿ, ಮೂಲೆಗೆ ಗುರುತು ಹಾಕಿ. ಚಾಪೆ, ಜಮಖಾನದ ಮೇಲಂತೂ ಬೇಡವೇ ಬೇಡ. ಪೇಟೆಯಲ್ಲಿ ಒಮ್ಮೆ, ಕಿರಾಣಿ ಅಂಗಡಿಯಲ್ಲಿ ಒಮ್ಮೆ ನೋಡಿ ಹೋಲಿಸುವುದೂ ಬೇಡ. ಅದು ಮಷಿನ್‌ಗಳ ಹೋಲಿಕೆಯಾಗುತ್ತದೆ, ಮನುಷ್ಯನದ್ದಲ್ಲ.

ಈಗ ನೀರಿನ ಮಾತು. ಹೃದಯದ ಪಂಪು ಸೋತವರಲ್ಲಿ ಮೈಯಲ್ಲಿ ಉಪ್ಪು ನೀರು ನಿಲ್ಲುತ್ತದೆ. ಮೊಣಕಾಲ ಕೆಳಗಿನ ಮುಂಭಾಗದ ಮೂಳೆಯ ಮೇಲೆ ಹೆಬ್ಬೆರಳಿನಿಂದ ಐದಾರು ಸೆಕೆಂಡು ಒತ್ತಿ ಬಿಡಿ. ಕುಳಿ ಬಿದ್ದು ಹಾಗೇ ಉಳಿದರೆ ಬಾವು ಇದೆ. ಬಾವು ಇರುವಾಗಿನ ತೂಕದಲ್ಲಿ ಬಿಎಂಐ ಲೆಕ್ಕ ಹಾಕಬೇಡಿ. ಒಂದು ಲೆಕ್ಕ ನೋಡಿ: ಹೆಂಗಸೊಬ್ಬರ ಎತ್ತರ 150 ಸೆಂ.ಮೀ., ಬಾವು ಬಂದಾಗ ತೂಕ 64 ಕಿಲೋ. ಬಿಎಂಐ 28.4. ಆಸ್ಪತ್ರೆಯಲ್ಲಿ ನೀರಿನ ಗುಳಿಗಿ, ಇಂಜೆಕ್ಷನ್ ಕೊಟ್ಟು ಬಾವು ಇಳಿದ ಮೇಲೆ ತೂಕ 59. ಬಿಎಂಐ 26.2. ಹೋದ ಐದು ಕಿಲೋ ಬೊಜ್ಜಾಗಿರಲಿಲ್ಲ, ನೀರಾಗಿತ್ತು. ಬಾವು ಪೂರ್ತಿ ಇಳಿದ ದಿನದ ತೂಕವೇ ಒಣ ತೂಕ. ಡಿಸ್ಚಾರ್ಜ್ ದಿನ ಡಾಕ್ಟರನ್ನು ಕೇಳಿ ಅದನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ದೊಡ್ಡದಾಗಿ ಬರೆಯಿರಿ.

ಹೃದಯ ವೈಫಲ್ಯ ಇದ್ದವರು ತೂಕವನ್ನು ದಿನಾ ನೋಡಬೇಕು. ಮೂರು ದಿನದಲ್ಲಿ 2 ಕಿಲೋಗಿಂತ ಹೆಚ್ಚು ಏರಿದರೆ ಅದು ಊಟದ ದೋಷ ಎಂದು ಉಪವಾಸ ಮಾಡಿಸಬೇಡಿ, ಡಾಕ್ಟರಿಗೆ ಫೋನ್ ಮಾಡಿ. ಮಲಗಿದರೆ ದಮ್ಮು ಹತ್ತುತ್ತಿದ್ದರೆ ಫೋನಿನ ಪ್ರಶ್ನೆಯೇ ಇಲ್ಲ, ಆಸ್ಪತ್ರೆಗೆ ಹೊರಡಿ. ಉಲ್ಟಾ ಕೂಡ ಆಗುತ್ತದೆ. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲು 42 ಡಿಗ್ರಿ ದಾಟಿದಾಗ ಬೆವರು ಸುರಿದು, ಮೇಲಿಂದ ನೀರಿನ ಗುಳಿಗಿಯೂ ಸೇರಿ, ತೂಕ ದಿಢೀರ್ ಇಳಿದು ಎದ್ದು ನಿಂತರೆ ತಲೆ ತಿರುಗಬಹುದು. ಬೊಜ್ಜು ಕರಗಿತೆಂದು ಖುಷಿ ಪಡುವ ಇಳಿಕೆ ಇದಲ್ಲ. ಗುಳಿಗಿ ತಾವಾಗೇ ನಿಲ್ಲಿಸದೆ, ಡೋಸ್ ಬದಲಿಸಬೇಕೇ ಎಂದು ಕೇಳಿ.

ಸ್ಟೆಂಟ್ ಹಾಕಿಸಿಕೊಂಡು ಪಂಪು ಚೆನ್ನಾಗಿರುವವರಿಗೆ ದಿನಾ ತೂಕದ ಗೊಡವೆ ಬೇಕಿಲ್ಲ. ವಾರಕ್ಕೊಮ್ಮೆ ಸಾಕು.

ಬಿಎಂಐ ಓದುವಾಗ ಗೂಗಲ್ಲಿನಲ್ಲಿ ಸಿಗುವ 25, 30ರ ಗಡಿ ನಮಗಲ್ಲ. ಭಾರತೀಯರಿಗೆ 2009ರ ತಜ್ಞರ ಒಮ್ಮತದ ಪ್ರಕಾರ 23ರಿಂದ 24.9ರವರೆಗೆ ಹೆಚ್ಚು ತೂಕ, 25 ಮತ್ತು ಮೇಲೆ ಬೊಜ್ಜು. 2025ರ ಜನವರಿಯಲ್ಲಿ ಬಂದ ಹೊಸ ಭಾರತೀಯ ವ್ಯಾಖ್ಯೆ 23 ದಾಟಿದವರನ್ನೇ ಎರಡು ಹಂತ ಮಾಡುತ್ತದೆ: ಅಂಗಾಂಗಗಳಿಗೆ ಇನ್ನೂ ತೊಂದರೆ ಕಾಣದವರು ಮೊದಲ ಹಂತ, ಹೊಟ್ಟೆಯ ಬೊಜ್ಜಿನ ಜೊತೆ ಕಾಯಿಲೆಯೋ ದೈನಂದಿನ ಕೆಲಸಕ್ಕೆ ಅಡ್ಡಿಯೋ ಇರುವವರು ಎರಡನೇ ಹಂತ.

ಮೂರನೇ ಹೆಜ್ಜೆ: ನಡು

ಎಲ್ಲಕ್ಕಿಂತ ಮುಖ್ಯವಾದದ್ದೂ ಎಲ್ಲಕ್ಕಿಂತ ಹೆಚ್ಚು ತಪ್ಪಾಗುವುದೂ ಇದೇ.

ಪ್ಯಾಂಟಿನ ನಂಬರ್ ನಡುವಿನ ಅಳತೆಯಲ್ಲ. ಹೊಟ್ಟೆ ಬಂದಂತೆ ಗಂಡಸರು ಬೆಲ್ಟನ್ನು ಕೆಳಗೆ ಕೆಳಗೆ ಇಳಿಸುತ್ತ ಹೋಗುತ್ತಾರೆ, ಹತ್ತು ವರ್ಷದಿಂದ 34 ನಂಬರೇ ಎಂದು ಹೆಮ್ಮೆಯಿಂದ ಹೇಳುತ್ತಾರೆ. ಉಡದಾರವೂ ಹಾಗೆಯೇ ಹೊಟ್ಟೆಯ ಕೆಳಗೆ ಜಾರಿ ಕೂತಿರುತ್ತದೆ, ಅದರ ಗುಂಟ ಟೇಪು ಸುತ್ತಬೇಡಿ. ಹೊಕ್ಕುಳೂ ಗುರುತಲ್ಲ. ಹೊಟ್ಟೆ ಜೋತುಬಿದ್ದರೆ ಹೊಕ್ಕುಳೂ ಅದರ ಜೊತೆ ಇಳಿಯುತ್ತದೆ.

ಗುರುತು ಮೂಳೆಯಿಂದ ಹಿಡಿಯಬೇಕು. ಪಕ್ಕದಲ್ಲಿ, ಕಂಕುಳ ನೇರಕ್ಕೆ, ಬೆರಳಿಂದ ಒತ್ತಿ ಕೊನೆಯ ಪಕ್ಕೆಲುಬು ಹುಡುಕಿ ಪೆನ್ನಿನಿಂದ ಚುಕ್ಕೆ ಇಡಿ. ಅದೇ ನೇರಕ್ಕೆ ಕೆಳಗೆ ಬಂದರೆ ಸೊಂಟದ ಮೂಳೆಯ ಮೇಲಂಚು ಸಿಗುತ್ತದೆ, ಅಲ್ಲೊಂದು ಚುಕ್ಕೆ. ಎರಡರ ಸರಿಯಾದ ಮಧ್ಯ ಮೂರನೆಯದು. ಟೇಪು ಹಾಯಬೇಕಾದದ್ದು ಇದರ ಮೇಲೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ರಮ ಇದೇ. ಅಮೆರಿಕದ ಕ್ರಮದಲ್ಲಿ ಸೊಂಟದ ಮೂಳೆಯ ಮೇಲಂಚಿನಲ್ಲೇ ಅಳೆಯುತ್ತಾರೆ. ಯಾವುದಾದರೂ ಒಂದನ್ನು ಹಿಡಿಯಿರಿ, ಹಿಡಿದ ಮೇಲೆ ಬದಲಿಸಬೇಡಿ.

ಬಟ್ಟೆಯ ಬಗ್ಗೆ ನಾಚಿಕೆ ಇರುವುದು ಸಹಜ. ಧೋತರದ ಗಂಟು, ಸೀರೆಯ ನೆರಿಗೆ, ಪರಕಾರದ ಲಾಡಿ ಇವು ನಡುವಿಗೆ ಹಲವು ಸೆಂಟಿಮೀಟರ್ ಸೇರಿಸುತ್ತವೆ. ಹೆಂಗಸರ ಅಳತೆ ಮಗಳೋ ಸೊಸೆಯೋ ಕೋಣೆಯ ಬಾಗಿಲು ಹಾಕಿಕೊಂಡು ತೆಗೆಯಲಿ. ಪರಕಾರ ಸಡಿಲಿಸಿ ಕೆಳಗೆ ಸರಿಸಿ, ಬರಿಮೈ ಮೇಲೆ ಅಳೆಯುವುದೇ ಸರಿ. ಒಪ್ಪದಿದ್ದರೆ ಒಂದೇ ತೆಳು ಬಟ್ಟೆಯ ಮೇಲೆ ಅಳೆದು ಹಾಗೆಂದು ಬರೆದಿಡಿ.

ಇನ್ನು ನಿಲ್ಲುವ ಕ್ರಮ. ಪಾದ ತುಸು ಅಗಲಿಸಿ, ಎರಡೂ ಕಾಲಿಗೆ ಸಮ ಭಾರ ಹಾಕಿ, ಕೈ ಸಡಿಲ ಬಿಟ್ಟು ನಿಲ್ಲಲಿ. ಹೊಟ್ಟೆ ಖಾಲಿ ಇರಲಿ. ಟೇಪು ಸುತ್ತಲೂ ನೆಲಕ್ಕೆ ಸಮಾನಾಂತರವಾಗಿರಬೇಕು, ಬೆನ್ನ ಕಡೆ ಇಳಿಯುವುದೇ ಹೆಚ್ಚು, ಹಿಂದೆ ಹೋಗಿ ನೋಡಿ. ಚರ್ಮಕ್ಕೆ ತಾಗಬೇಕು, ಒತ್ತಬಾರದು. ಸಹಜವಾಗಿ ಉಸಿರು ಬಿಟ್ಟ ಕೊನೆಯಲ್ಲಿ ಅಂಕಿ ಓದಿ. ಇಲ್ಲಿ ಸಣ್ಣ ಜಗಳ ಖಂಡಿತ:

"ಕಾಕಾ, ಉಸಿರು ಬಿಡ್ರಿ."

"ಬಿಟ್ಟೀನಲ್ಲವಾ."

"ಉಸಿರು ಬಿಟ್ಟೀರಿ, ಹೊಟ್ಟಿ ಒಳಗ ಎಳಕೊಂಡೀರಿ. ಅದನ್ನೂ ಬಿಡ್ರಿ."

ಟೇಪು ಕಂಡರೆ ಯಾರ ಹೊಟ್ಟೆಯೂ ತಾನಾಗಿ ಒಳಗೆ ಹೋಗುತ್ತದೆ. ಮಾತಾಡಿಸುತ್ತ ಎರಡು ಮೂರು ಉಸಿರು ಕಳೆದ ಮೇಲೆ ಓದಿದರೆ ನಿಜ ಸಿಗುತ್ತದೆ. ಎರಡು ಸಲ ಅಳೆಯಿರಿ. ಒಂದು ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮತ್ತೆ ಮೊದಲಿಂದ.

ಭಾರತೀಯ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಗಡಿ. ಮನೆಗೆ ಬರುವ ಆಶಾ ಕಾರ್ಯಕರ್ತೆ ಮೂವತ್ತು ದಾಟಿದವರಿಗೆ ತುಂಬಿಸುವ ಫಾರಂನಲ್ಲೂ ಈ ಅಳತೆಗೆ ಅಂಕವಿದೆ. ಟೇಪು ಹಿಡಿಯುವುದು ತಿಳಿಯದಿದ್ದರೆ ಅವರನ್ನೇ "ಅಕ್ಕಾ, ಒಂದ್ಸಲ ತೋರಸ್ರಿ" ಎಂದು ಕೇಳಿ.

ನಾಲ್ಕನೇ ಹೆಜ್ಜೆ: ನಡುವನ್ನು ಎತ್ತರದಿಂದ ಭಾಗಿಸುವುದು

ನಡು ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆ 2022ರಲ್ಲಿ ಕೊಟ್ಟ ಗಡಿಗಳು ಹೀಗಿವೆ: 0.5ರಿಂದ 0.59ರವರೆಗೆ ಅಪಾಯ ಹೆಚ್ಚು, 0.6 ಮತ್ತು ಮೇಲೆ ಬಹಳ ಹೆಚ್ಚು. ಗಂಡಸರಿಗೂ ಹೆಂಗಸರಿಗೂ ಒಂದೇ ಲೆಕ್ಕ. ಗಿಡ್ಡ ಇದ್ದವರಿಗೂ ಉದ್ದ ಇದ್ದವರಿಗೂ ನ್ಯಾಯ ಸಿಗುತ್ತದೆ. ನನ್ನನ್ನು ಕೇಳಿದರೆ, ಹೃದ್ರೋಗಿಯ ನೋಟ್‌ಬುಕ್ಕಿನಲ್ಲಿ ಒಂದೇ ಒಂದು ಅಂಕಿ ಬರೆಯಿರಿ ಅಂದರೆ ಇದನ್ನೇ ಬರೆಯುತ್ತೇನೆ.

165 ಸೆಂ.ಮೀ. ಎತ್ತರ, 62 ಕಿಲೋ ತೂಕದ ಗಂಡಸಿನ ಬಿಎಂಐ 22.8. ಪಾಸಾದರು. ನಡು 95 ಇದ್ದರೆ? 95 ಭಾಗಿಸು 165, ಸುಮಾರು 0.58. ಫೇಲ್. ಸ್ಟೆಂಟ್ ಬಿದ್ದ ಮೇಲೂ "ನಾ ಎಲ್ಲಿ ದಪ್ಪ ಇದೀನ್ರಿ" ಎನ್ನುವವರು ಬಹುಪಾಲು ಈ ಲೆಕ್ಕದವರೇ.

ಓದು ಬರಹ ಬಾರದ ಹಿರಿಯರಿಗೆ ಅಂಕಿಯೇ ಬೇಡ. ಜಗ್ಗದ ದಾರವೊಂದನ್ನು ಅವರ ಎತ್ತರಕ್ಕೆ ಕತ್ತರಿಸಿ, ಎರಡು ಪದರ ಮಡಚಿ ನಡುವಿಗೆ ಸುತ್ತಿ. ತುದಿಗಳು ಕೂಡದಿದ್ದರೆ ಬೊಜ್ಜು ಇದೆ. ಎಷ್ಟು ಬೆರಳಿನ ಸಂದು ಉಳಿಯಿತು ಎಂದು ತಿಂಗಳಿಗೊಮ್ಮೆ ಅವರೇ ನೋಡಿಕೊಳ್ಳಬಹುದು.

ಪೃಷ್ಠದ ಸುತ್ತಳತೆಯಿಂದ ನಡುವನ್ನು ಭಾಗಿಸುವ ಕ್ರಮವೂ ಇದೆ, ಗಡಿ ಗಂಡಸರಿಗೆ 0.90, ಹೆಂಗಸರಿಗೆ 0.85. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ಹೃದಯಾಘಾತದ ಜೊತೆ ಬಿಎಂಐಗಿಂತ ಬಲವಾಗಿ ಹೊಂದಿಕೊಂಡದ್ದು ಈ ಅನುಪಾತ. ಆದರೆ ಮನೆಯಲ್ಲಿ ಎರಡು ಅಳತೆ ಅಂದರೆ ಎರಡು ತಪ್ಪು. ಬಿಟ್ಟುಬಿಡಬಹುದು.

ಟೇಪು ಸುಳ್ಳು ಹೇಳುವ ದಿನಗಳು

ಹೊಟ್ಟೆಯಲ್ಲಿ ನೀರು ತುಂಬಿದರೂ ನಡು ಏರುತ್ತದೆ. ಇದನ್ನು ಗುರುತಿಸುವುದು ಕಷ್ಟವಲ್ಲ, ಕೊಬ್ಬು ನಾಲ್ಕು ದಿನದಲ್ಲಿ ಬರುವುದಿಲ್ಲ. ಕೆಲವೇ ದಿನಗಳಲ್ಲಿ ತೂಕ, ನಡು ಎರಡೂ ಏರಿ, ಹೊಟ್ಟೆ ಬಿಗಿದು, ಊಟ ಎರಡೇ ತುತ್ತಿಗೆ ಸಾಕಾದರೆ ಅದು ನೀರೆಂದೇ ತಿಳಿದು ಡಾಕ್ಟರಿಗೆ ತೋರಿಸಿ. ಮಲಬದ್ಧತೆ, ಗ್ಯಾಸು ಇದ್ದ ದಿನವೂ ಟೇಪು ಬೇಡ. ಎಳ್ಳಮಾಸಿಗೆ (ಎಳ್ಳು ಅಮಾವಾಸ್ಯೆಗೆ) ಹೊಲಕ್ಕೆ ಹೋಗಿ ಭಜ್ಜಿ, ಸಜ್ಜಿ ರೊಟ್ಟಿ, ಕಡಬು, ಮೇಲೆ ಉಪ್ಪಿನಕಾಯಿ ಬಾರಿಸಿ ಬಂದ ಮರುದಿನದ ಅಳತೆಯಿಂದ ಏನೂ ತಿಳಿಯುವುದಿಲ್ಲ. ಎರಡು ಮೂರು ದಿನ ಬಿಡಿ.

ತೂಕ ಇಳಿದರೂ ನಡು ಇಳಿಯದಿದ್ದರೆ

ಇದನ್ನು ಮನೆಯವರು ಗಮನಿಸುವುದೇ ಇಲ್ಲ. ಹೃದಯಾಘಾತದ ಹೆದರಿಕೆಯಲ್ಲಿ ಊಟ ಅರ್ಧ ಮಾಡಿ, ಹಾಸಿಗೆ ಹಿಡಿದು ಕೂತವರ ತೂಕ ಇಳಿಯುತ್ತದೆ, ಎಲ್ಲರೂ ಭೇಷ್ ಅನ್ನುತ್ತಾರೆ. ಇಳಿದದ್ದು ತೊಡೆ ತೋಳಿನ ಸ್ನಾಯು, ಹೊಟ್ಟೆ ಹಾಗೇ ಇದೆ. ತೂಕದ ಅಂಕಿ ಮಾತ್ರ ನೋಡಿದರೆ ಇದು ಗೊತ್ತೇ ಆಗುವುದಿಲ್ಲ. ಮನಸ್ಸಿಟ್ಟು ಇಳಿಸದೆಯೇ ವರ್ಷದೊಳಗೆ ಶೇ 5ರಷ್ಟು, ಅಂದರೆ 60 ಕಿಲೋದವರಲ್ಲಿ 3 ಕಿಲೋ ಕಡಿಮೆಯಾದರೆ ಡಾಕ್ಟರಿಗೆ ಹೇಳಲೇಬೇಕು.

ಸ್ನಾಯುವಿನ ಶಕ್ತಿ ತಿಳಿಯಲು ಕುರ್ಚಿ ಸಾಕು. ಕೈ ಎದೆಗೆ ಕಟ್ಟಿಕೊಂಡು ಐದು ಸಲ ಎದ್ದು ಕೂರಲಿ. 12 ಸೆಕೆಂಡ್ ಅಥವಾ ಹೆಚ್ಚು ಬೇಕಾದರೆ ಶಕ್ತಿ ಕುಂದಿದೆ ಎಂಬುದು ಏಷ್ಯಾದ ತಜ್ಞರ 2019ರ ಗಡಿ. ಎದೆನೋವು, ದಮ್ಮು ಇದ್ದವರು, ಈಚೆಗೆ ಆಪರೇಷನ್ ಆದವರು ಇದನ್ನು ಮಾಡಬಾರದು. ಉಳಿದವರೂ ಪಕ್ಕದಲ್ಲಿ ಒಬ್ಬರು ನಿಂತಿರುವಾಗಲೇ ಮಾಡಲಿ. ಮುಷ್ಟಿಯ ಬಲ ಅಳೆಯುವ ಸಾಧನವೂ ಇದೆ, ಗಂಡಸರಿಗೆ 28 ಕಿಲೋ, ಹೆಂಗಸರಿಗೆ 18 ಕಿಲೋಗಿಂತ ಕಡಿಮೆ ಬಂದರೆ ಕ್ಷೀಣ. ಅದನ್ನು ಫಿಸಿಯೋಥೆರಪಿ ವಿಭಾಗದಲ್ಲಿ ಕೇಳಿ. ಮೀನಖಂಡದ ಸುತ್ತಳತೆಯಿಂದಲೂ ಸ್ನಾಯು ಅಂದಾಜು ಮಾಡುತ್ತಾರೆ, ಆದರೆ ಕಾಲು ಬಾವು ಬರುವವರಲ್ಲಿ, ಬೈಪಾಸಿಗೆ ಕಾಲಿನ ರಕ್ತನಾಳ ತೆಗೆದವರಲ್ಲಿ ಅದನ್ನು ನಂಬುವಂತಿಲ್ಲ.

ಮಷಿನ್‌ಗಳ ಮಾತು

ಮೇಲೆ ನಿಂತರೆ ಮೈಯ ಕೊಬ್ಬು ಶೇಕಡಾ ಎಷ್ಟೆಂದು ಹೇಳುವ ತೂಕದ ಮಷಿನ್‌ಗಳು ಈಗ ಆನ್‌ಲೈನಿನಲ್ಲಿ ಸಿಗುತ್ತವೆ. ಅವು ಪಾದದಿಂದ ಸಣ್ಣ ವಿದ್ಯುತ್ತು ಹರಿಸಿ ಲೆಕ್ಕ ಹಾಕುತ್ತವೆ. ಪೇಸ್‌ಮೇಕರ್, ಹೃದಯದ ಶಾಕ್ ಸಾಧನ ಒಳಗಿರುವವರು ಬಳಸಬಾರದು ಎಂದು ತಯಾರಕರೇ ಎಚ್ಚರಿಸಿರುತ್ತಾರೆ. ಅವಿಲ್ಲದವರಲ್ಲೂ ಬಾವು ಇದ್ದರೆ ಉತ್ತರ ತಪ್ಪು ಬರುತ್ತದೆ, ಏಕೆಂದರೆ ಅದು ನಿಜವಾಗಿ ಅಳೆಯುವುದು ನೀರನ್ನೇ. ದುಡ್ಡು ಉಳಿಸಿ.

ಅದರ ಬದಲು ಹಳೆಯ ಹೊಟ್ಟೆ ಸ್ಕ್ಯಾನಿನ ರಿಪೋರ್ಟ್ ಹುಡುಕಿ. ಫ್ಯಾಟಿ ಲಿವರ್ ಎಂದು ಬರೆದಿದ್ದರೆ ಒಳಗಿನ ಕೊಬ್ಬಿಗೆ ಅದೊಂದು ಸಾಕ್ಷಿ. ದಮ್ಮಿಗೆ ಮಾಡುವ ಬಿಎನ್‌ಪಿ ರಕ್ತಪರೀಕ್ಷೆಯ ಅಂಕಿ ಬೊಜ್ಜಿದ್ದವರಲ್ಲಿ ಕಡಿಮೆ ಬರುವುದುಂಟು, ಆದ್ದರಿಂದ ನಿಮ್ಮ ನಡುವಿನ ಅಳತೆ ಡಾಕ್ಟರಿಗೆ ಆ ರಿಪೋರ್ಟ್ ಓದುವಾಗಲೂ ಉಪಯೋಗಕ್ಕೆ ಬರುತ್ತದೆ.

ತೂಕ ಇಳಿಸುವ ಇಂಜೆಕ್ಷನ್ ಬಗ್ಗೆ ಕೇಳುವವರು ಹೆಚ್ಚಾಗಿದ್ದಾರೆ. ಹೃದ್ರೋಗಿಗಳಲ್ಲಿ ಸೆಮಾಗ್ಲುಟೈಡ್ ಎಂಬ ಅಂಥ ಇಂಜೆಕ್ಷನ್ ಪರೀಕ್ಷಿಸಿದ 2023ರ ದೊಡ್ಡ ಪ್ರಯೋಗಕ್ಕೆ ಸೇರಿಸಿಕೊಂಡದ್ದು ಬಿಎಂಐ 27 ಮತ್ತು ಮೇಲಿದ್ದವರನ್ನು. ಹೃದಯಾಘಾತ, ಪಾರ್ಶ್ವವಾಯು, ಹೃದಯ ಸಂಬಂಧಿ ಸಾವು ಒಟ್ಟಾಗಿ ಶೇ 20ರಷ್ಟು ಕಡಿಮೆಯಾದವು. ನಿಮಗದು ಬೇಕೋ ಬೇಡವೋ ಡಾಕ್ಟರು ತೀರ್ಮಾನಿಸಬೇಕು, ಆ ತೀರ್ಮಾನಕ್ಕೆ ಒಣ ತೂಕದ ಬಿಎಂಐ ಬೇಕು. ಬಾವಿನ ತೂಕ ಕೊಟ್ಟು ಔಷಧಿ ಕೇಳಬೇಡಿ.

ನೋಟ್‌ಬುಕ್

ಪುಟಕ್ಕೆ ಐದು ಗೆರೆ ಎಳೆಯಿರಿ: ತಾರೀಖು, ತೂಕ, ನಡು, ಬಾವು ಇದೆಯೋ ಇಲ್ಲವೋ, ಗುಳಿಗಿ ಏನಾದರೂ ಬದಲಾಯಿತೋ. ನಡುವನ್ನು ತಿಂಗಳಿಗೊಮ್ಮೆ ಬರೆದರೆ ಸಾಕು, ಅಮಾವಾಸ್ಯೆಯ ಲೆಕ್ಕ ಇಟ್ಟುಕೊಂಡರೆ ಹಿರಿಯರಿಗೆ ನೆನಪಿರುತ್ತದೆ, ಎಳ್ಳಮಾಸಿಯೊಂದನ್ನು ಬಿಟ್ಟು. ವಾರವಾರ ಟೇಪು ಹಿಡಿದರೆ ಕೈತಪ್ಪಿನ ಏರಿಳಿತವೇ ಹೆಚ್ಚು ಕಂಡು ಬೇಸರ ಬರುತ್ತದೆ. ಅಳೆಯುವವರು ಒಬ್ಬರೇ ಇರಲಿ, ಮಗ ಒಮ್ಮೆ ಸೊಸೆ ಒಮ್ಮೆ ಬೇಡ.

ಒಪಿಡಿಯಲ್ಲಿ ನಿಮಗೆ ಸಿಗುವುದು ಎರಡು ಮೂರು ನಿಮಿಷ. ಜಯದೇವಕ್ಕೆ ಹೋಗಿ, ಬೀದರಿನ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಬ್ರಿಮ್ಸ್‌ಗೆ ಹೋಗಿ, ಬಿಪಿ, ಸಕ್ಕರೆಯಂಥ ಕಾಯಿಲೆ ನೋಡುವ ತಾಲೂಕು ಆಸ್ಪತ್ರೆಯ ಎನ್‌ಸಿಡಿ ಕ್ಲಿನಿಕ್ಕಿಗೆ ಹೋಗಿ, ಇಡೀ ನೋಟ್‌ಬುಕ್ ಮುಂದೆ ಇಟ್ಟರೆ ಯಾರೂ ಓದಲಾರರು. ಹಿಂದಿನ ರಾತ್ರಿ ಒಂದು ಚೀಟಿಯಲ್ಲಿ ನಾಲ್ಕು ಸಾಲು ಬರೆದು ಫೈಲಿನ ಮೇಲೆ ಪಿನ್ ಮಾಡಿ: ಒಣ ತೂಕ ಎಷ್ಟು, ಇವತ್ತಿನ ತೂಕ ಎಷ್ಟು, ನಡು ಹೋದ ಸಲ ಎಷ್ಟಿತ್ತು ಈಗ ಎಷ್ಟು, ನಡು ಭಾಗಿಸು ಎತ್ತರ ಎಷ್ಟು. ಪೇಸ್‌ಮೇಕರ್ ಇದ್ದರೆ ಅದನ್ನೂ ಅದೇ ಚೀಟಿಯಲ್ಲಿ ಬರೆಯಿರಿ.